ಮುದುಕಮ್ಮ ಪಟ್ಟಾಯಕ್ಕೆ ಹೋದದ್ದು

"ಅಕ್ಕಾರ, ಟೂರಿನ ಬದ್ಲಿ ನೀವು ಫ್ರಿಜ್ ತಗೊಂಬಿಡ್ರಿ. ಎರಡು ಬಾಗಿಲದ್ದು," ಎಂದ ಔಷಧ ಕಂಪನಿಯ ಕಲ್ಲೇಶ, ಅವಳ ಮುಖ ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತ.

ಕಾರಟಗಿಯಲ್ಲಿ ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಗಿದ್ದ ಮುದುಕಮ್ಮನಿಗೆ ಫ್ರಿಜ್ಜಿನ ಆಸೆ ಇರಲಿಲ್ಲ. ಕಲ್ಲೇಶನ ಕಂಪನಿ ಜಿಲ್ಲೆಯಲ್ಲಿ ಹೆಚ್ಚು ಮಾಲು ಮಾರಿದ ಹನ್ನೆರಡು ಅಂಗಡಿಯವರನ್ನು ವರ್ಷವರ್ಷ ಥಾಯ್ಲೆಂಡಿಗೆ ಕರೆದೊಯ್ಯುತ್ತಿತ್ತು. ಈ ಸಲದ ಪಟ್ಟಿಯಲ್ಲಿ ಅವಳದು ಎರಡನೆಯ ಹೆಸರು. ಉಳಿದ ಹನ್ನೊಂದೂ ಗಂಡಸರು. ನಾನ್ಯಾಕೆ ಬರಬಾರದು ಎಂದು ಕೇಳಿದಳು. ಅಲ್ಲಿ ಸೆಖೆ ಭಾಳ ಎಂದ. ಏಪ್ರಿಲ್‌ನಲ್ಲಿ ಕಾರಟಗಿಯಲ್ಲಿ ಕೂತವಳಿಗೆ ಸೆಖೆಯ ಹೆದರಿಕೆಯೇ ಎಂದು ನಕ್ಕಳು. ಊಟ ಸೇರುವುದಿಲ್ಲ ಎಂದ. ರೊಟ್ಟಿ ಕಟ್ಟಿಕೊಳ್ಳುತ್ತೇನೆ ಎಂದಳು. ಕಲ್ಲೇಶ ಬೆವರು ಒರೆಸಿಕೊಂಡ.

"ಇವರೆಲ್ಲ ಅಲ್ಲಿಗೆ ಯಾಕ ಹೋಗತಾರ ಅಂತ ನಿಮಗ ಗೊತ್ತಿಲ್ಲೇನ್ರಿ? ನೀವು ಬಂದ್ರ ಅವರಿಗೆ ಮುಜುಗರ ಆಕ್ಕೈತಿ."

"ಗೊತ್ತೈತಪ್ಪ. ಮುಜುಗರ ಅವರದು, ಟಿಕೆಟ್ ನಂದು. ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕು, ಅದನ್ನ ಹೇಳು."

ಅವತ್ತಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಚಾರಣೆಗೆ ಬಂದ ಪೊಲೀಸಪ್ಪನಿಗೆ ಎರಡು ಸಲ ಚಹಾ ಕುಡಿಸಿದಳು. ಗಂಡ ಕೊಟ್ರಪ್ಪ ಗದ್ದೆಯ ಕೆಲಸ ಬಿಟ್ಟು ಗಂಗಾವತಿಗೆ ಹೋಗಿ, ಅವಳ ಅಳತೆಗಿಂತ ಒಂದು ನಂಬರು ದೊಡ್ಡ ಬೂಟು ತಂದ. ಬದಲಿಸುವುದಕ್ಕೂ ಪುರುಸೊತ್ತಿಲ್ಲದೆ ಮುಂದೆ ಹತ್ತಿ ತುರುಕಿ ಓಣಿಯಲ್ಲಿ ನಡೆದು ನೋಡಿದಳು.

ಹೊರಡುವ ವಾರ ಗಂಗಾವತಿಯ ಹೊಟೇಲೊಂದರಲ್ಲಿ ಎಲ್ಲರ ಸಭೆ. ಹನ್ನೊಂದು ಮಂದಿಯಲ್ಲಿ ಎರಡು ಸಲ ಹೋಗಿ ಬಂದಿದ್ದ ಹನಮಪ್ಪನೇ ಅಲ್ಲಿ ಗುರು. ಅವರ ದುಡ್ಡಿಗೆ ಬಾತ್ ಅನ್ನುತ್ತಾರೆ, ವಿಮಾನ ನಿಲ್ದಾಣದಲ್ಲಿ ಬದಲಿಸಿದರೆ ಲುಕ್ಸಾನು, ಬಾಡಿಗೆ ಕೇಳದೆ ಗಾಡಿ ಹತ್ತಬಾರದು, ಹೊಟೇಲಿನ ಕಾರ್ಡು ಸದಾ ಕಿಸೆಯಲ್ಲಿರಬೇಕು ಎಂದೆಲ್ಲ ಹೇಳಿದ. ಯಾರೋ ಹಿಂದಿನಿಂದ, ಸಂಜೆಯ ಕಾರ್ಯಕ್ರಮ ಹೆಂಗ್ರಿ ಅಂದವರು, ಅವಳತ್ತ ನೋಡಿ ನಾಲಿಗೆ ಕಚ್ಚಿಕೊಂಡರು. ಮುದುಕಮ್ಮ ನೋಟುಬುಕ್ಕಿನಿಂದ ತಲೆ ಎತ್ತಿದಳು.

"ಆ ಸಂಜಿ ಕಾರ್ಯಕ್ರಮದ ಓಣಿಗೆ ಹೋಗೋರು ಪಾಸ್‌ಪೋರ್ಟ್ ಜೋಡಿ ಒಯ್ಯಬೇಕೋ, ಹೊಟೇಲಿನ್ಯಾಗ ಇಡಬೇಕೋ, ಹನಮಪ್ಪಣ್ಣ?"

ಹನಮಪ್ಪನಿಗೆ ಕೆಮ್ಮು ಹತ್ತಿತು. ಹೊಟೇಲಿನ ಲಾಕರಿನಲ್ಲಿ ಎಂದ. ಅವಳು ಬರೆದುಕೊಂಡಳು.

ವಿಮಾನದಲ್ಲಿ ಕಿಟಕಿ ಬಿಟ್ಟು ಕದಲಲಿಲ್ಲ. ಮೋಡವನ್ನು ಮೇಲಿಂದ ನೋಡಿದ್ದನ್ನು ಇಳಿದ ಮೇಲೆ ಕೊಟ್ರಪ್ಪನಿಗೆ ಫೋನಿನಲ್ಲಿ ಮೂರು ಸಲ ಹೇಳಿದಳು. ಪಟ್ಟಾಯದಲ್ಲಿ ಬೂಟು ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ಸಮುದ್ರದಲ್ಲಿ ಮೊಣಕಾಲುದ್ದ ನಿಂತಳು. ಗಂಡಸರು ಸಂಜೆ ಮಾಯವಾಗಿ ಮರುದಿನ ಮಧ್ಯಾಹ್ನದವರೆಗೆ ಮಲಗುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಒಬ್ಬಳೇ ತಿರುಗಾಡುತ್ತ ಒಂದು ಓಣಿಗೆ ಬಂದಳು. ಆರಿದ ದೀಪದ ಬೋರ್ಡುಗಳು, ಅರ್ಧ ಎತ್ತಿದ ಶಟರ್‌ಗಳು. ಇದೇ ಆ ಓಣಿ ಎಂದು ತಿಳಿಯಿತು. ಆದರೂ ಹಿಂದಿರುಗಲಿಲ್ಲ. ಮೆಟ್ಟಿಲ ಮೇಲೆ ಹುಡುಗಿಯೊಬ್ಬಳು ಬರಿಗಾಲಲ್ಲಿ ಕೂತು ಅನ್ನ ಉಣ್ಣುತ್ತಿದ್ದಳು, ಎತ್ತರದ ಚಪ್ಪಲಿ ಪಕ್ಕದಲ್ಲಿ. ಮುದುಕಮ್ಮನ ಸೀರೆ ನೋಡಿ ನಕ್ಕು, ಸರಿದು ಕೂರಲು ಜಾಗ ಕೊಟ್ಟು, ಒಂದು ತುತ್ತು ಅವಳ ಕೈಗೆ ಹಾಕಿದಳು. ಬೆರಳಿಗೆ ಅಂಟುವ ಅನ್ನ. ಇದು ಯಾವ ಅಕ್ಕಿ ಎಂದು ಕೇಳದೆ ಇರಲು ಮುದುಕಮ್ಮನಿಗೆ ಆಗಲಿಲ್ಲ.

ಹುಡುಗಿಯ ಫೋನಿನಲ್ಲಿ ಮಾತು ತಿರುಗಿಸಿ ಹೇಳುವ ಆ್ಯಪ್ ಇತ್ತು. ಕಾರಟಗಿ ಮಾತು ಅದಕ್ಕೆ ತಿಳಿಯಲಿಲ್ಲ. ಶಾಲೆಯ ಪುಸ್ತಕದ ಹಾಗೆ "ಇದು ಯಾವ ಅಕ್ಕಿ?" ಎಂದಾಗ ಉತ್ತರ ಬಂತು. ಹುಡುಗಿಯ ಹೆಸರು ನೋಯ್. ಅಕ್ಕಿ ಅವಳ ಊರಿನದು. ಅವ್ವ ಅಲ್ಲಿ ಒಬ್ಬಳೇ ಗದ್ದೆ ಮಾಡುತ್ತಾಳೆ. ಈ ವರ್ಷ ಭತ್ತ ಒಣಗುತ್ತಿದೆ. ನೋಯ್ ಫೋಟೊ ತೋರಿಸಿದಳು: ಹಸಿರಿನ ನಡುವೆ ದುಂಡಗೆ, ಸುಟ್ಟ ಹಾಗೆ, ಕಂದು ಮಚ್ಚೆಗಳು.

ಮುದುಕಮ್ಮ ಎದ್ದು ನಿಂತುಬಿಟ್ಟಳು. ಇಂಥ ಮಚ್ಚೆಯ ಫೋಟೊ ಹಿಡಿದುಕೊಂಡು ಅವಳ ಅಂಗಡಿಗೆ ದಿನಕ್ಕೆ ಹತ್ತು ಮಂದಿ ಬರುತ್ತಿದ್ದರು. ಅವ್ವನಿಗೆ ಈಗಲೇ ವಿಡಿಯೊ ಕಾಲ್ ಮಾಡು ಎಂದು ಕೈಸನ್ನೆ ಮಾಡಿ, ತನ್ನ ಫೋನಿನಲ್ಲೂ ಆ ಆ್ಯಪ್ ಹಾಕಿಸಿಕೊಂಡಳು. ಕೆಸರಲ್ಲಿ ನಿಂತ ಹೆಂಗಸೊಬ್ಬಳು ಪರದೆಯ ಮೇಲೆ ಬಂದಳು.

ಆಗಲೇ ಹನಮಪ್ಪ, ಹೂವಿನ ಅಂಗಿ ತೊಟ್ಟು, ಇನ್ನಿಬ್ಬರ ಜೊತೆ ಓಣಿಯ ತಿರುವಿನಲ್ಲಿ ಕಂಡ. ಅವನನ್ನು ನೋಡಿ ನೋಯ್ ಅಭ್ಯಾಸಬಲದಿಂದ ಮುಖಕ್ಕೆ ಬೇರೊಂದು ನಗು ತಂದುಕೊಂಡಳು. ಮುದುಕಮ್ಮನನ್ನು ನೋಡಿ ಅವನು ಗರಕ್ಕನೆ ಹಿಂದೆ ತಿರುಗಿದ.

"ಓಡಬ್ಯಾಡ್ರಿ ಹನಮಪ್ಪಣ್ಣ, ಬರ್ರಿ ಇಲ್ಲೆ. ಈಕಿ ಅವ್ವನ ಗದ್ದಿಗೆ, ಬುಡದಾಗ ಕೂತು ರಸ ಹೀರೋ ಜಿಗಿಹುಳ ಬಿದ್ದಂಗೈತಿ. ನೀರು ಬಸಿ ಅಂತ ನಾ ಹೇಳತೀನಿ, ಔಷಧದ ಹೆಸರು ಇಂಗ್ಲೀಷಿನ್ಯಾಗ ನೀವು ಬರೀರಿ."

ಇನ್ನಿಬ್ಬರು ಜಾರಿಕೊಂಡರು. ಹನಮಪ್ಪ ಬಂದ. ಇವನೂ ಔಷಧ ತಿಳಿದವನು ಎಂದು ನೋಯ್ ಅವ್ವನಿಗೆ ಹೇಳಿರಬೇಕು. ಆ ಹೆಂಗಸು ಫೋನನ್ನು ಬದುವಿನ ಮೇಲೆ ಒರಗಿಸಿಟ್ಟು, ಕೆಸರುಗೈ ಎರಡನ್ನೂ ಜೋಡಿಸಿ ಹಣೆಗೆ ಮುಟ್ಟಿಸಿದಳು. ಹನಮಪ್ಪನ ಕೈಗಳೂ ತಾವಾಗಿ ಸೇರಿದವು. ನೋಯ್‌ಳ ಕಡೆ ನೋಡದೆ ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಬುಡ ತೋರ್ಸಾಕ ಹೇಳ್ರಿ," ಎಂದ ಸಣ್ಣ ದನಿಯಲ್ಲಿ.

ಹೆಂಗಸು ಒಂದು ಬುಡ ಕಿತ್ತು, ಬೇರಿನ ನೀರು ಜಾಡಿಸಿ, ಫೋನಿನ ಸಮೀಪ ಹಿಡಿದಳು. ಹನಮಪ್ಪ ಹೂವಿನ ಅಂಗಿಯ ಕಿಸೆಯಿಂದ ಚಾಳೀಸು ತೆಗೆದು ಕಣ್ಣಿಗೆ ಹಾಕಿಕೊಂಡು, ಪರದೆಯ ಮೇಲೆ ಬಾಗಿದ.