ಇಂಬಳಕ್ಕೆಂದು ಕೊಟ್ಟ ಬೀಡಿ

ಹೆತ್ತೂರಿನ ಕಡೆ ಮಳೆಗಾಲ ಹಿಡಿಯಿತೆಂದರೆ ಇಂಬಳದ, ಅಂದರೆ ಜಿಗಣೆಯ, ಕಾಟ ಹೇಳತೀರದು. ತೋಟದ ದಾರಿಯಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಾಲಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಉರಿಯುವ ಬೀಡಿ ತಾಗಿಸಿದರೆ ಉದುರುತ್ತವೆ. ಅದಕ್ಕೇ ಚೆಲುವಮ್ಮ ಮಗ ಲೋಹಿತನ ಜೇಬಿಗೆ ತಾನೇ ಬೀಡಿ, ಬೆಂಕಿಪೊಟ್ಟಣ ಹಾಕಿ ಕಳಿಸುತ್ತಿದ್ದಳು. ಹದಿನಾರರ ಹುಡುಗ, ಕಾಲೇಜಿನ ಬಸ್ಸು ಹಿಡಿಯಲು ಮೂರು ಮೈಲಿ ಒಬ್ಬನೇ ನಡೆಯಬೇಕು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇಬ್ಬರೇ. ಮಾತೂ ಕಡಿಮೆ.

ಮಳೆ ನಿಂತು ಕಾಫಿ ಕುಯ್ಲು ಶುರುವಾಯಿತು. ಒಂದು ಸಂಜೆ ಆಸ್ಪತ್ರೆಯ ನರ್ಸ್ ಗಂಗಾಮಣಿ ಚೆಲುವಮ್ಮನ ಜಗಲಿಯಲ್ಲಿ ಕೂತಿದ್ದಾಗ ಲೋಹಿತ ಬಂದ. ಮನೆ ಮುಂದಿನ ಏರು ಹತ್ತಲಾರದೆ ಎರಡು ಸಲ ನಿಂತ. ಕೆಮ್ಮಿ ಕೆಮ್ಮಿ ಅಲ್ಲೇ ಕುಕ್ಕರಿಸಿದ.

"ಚೆಲುವಕ್ಕ, ಹುಡುಗ ಬೀಡಿ ಸೇದ್ತಾನಾ?"

"ಬುಡಿ ಸಿಸ್ಟರೇ, ಬೀಡಿ ನಾನೇ ಕೊಡೋದು. ಇಂಬಳಕ್ಕೆ."

"ಈಗೆಲ್ಲೈತಕ್ಕ ಇಂಬಳ? ನೆಲ ಒಣಗಿ ತಿಂಗಳಾಯ್ತು!"

ಚೆಲುವಮ್ಮನಿಗೆ ನೆನಪಾಯಿತು: ಮೊನ್ನೆ ತಾನೆ ಮಗ ಹೊಸ ಕಟ್ಟು ಇಸಕೊಂಡಿದ್ದ. ಆದರೂ ಸೋಲಲಿಲ್ಲ. "ನಮ್ಮಪ್ಪ ಎಂಬತ್ತರ ತಂಕ ಸೇದ್ದೋನು. ಏನಾಗಿತ್ತು?"

"ನಿಮ್ಮಪ್ಪನ ಜೊತೆ ಸೇದಿ ಮಧ್ಯದಲ್ಲೇ ಹೋದೋರ್ನೂ ನೆನೆಸ್ಕೊ ಅಕ್ಕ. ಇವನ ಶ್ವಾಸಕೋಶ ಇನ್ನೂ ಬೆಳೀತಾ ಐತೆ. ಈಗ್ಲೇ ಹೊಗೆ ತುಂಬಿದ್ರೆ ಉಸಿರಿನ ಶಕ್ತಿ ಕುಗ್ತದೆ. ಮುಂದೆ ಕ್ಯಾನ್ಸರ್, ಹೃದಯದ ಕಾಯಿಲೆ ಬರಬೋದು. ಎಳೇ ವಯಸ್ಸಲ್ಲಿ ಹತ್ತಿದ ಚಟ ಬಿಡೋದೂ ಕಷ್ಟ. ಇಂಬಳಕ್ಕೆ ಉಪ್ಪಿನ ಗಂಟು ತಾಗ್ಸಿದ್ರೆ ಸಾಕು ಕಣಕ್ಕ."

ನರ್ಸ್ ಹೋದ ಮೇಲೆ ಚೆಲುವಮ್ಮ ಮಗನ ಪಕ್ಕ ಕೂತಳು.

"ಯಾಕ್ಲಾ ಮಗ?"

ಅವನು ಏಳಲು ನೋಡಿದ, ಅವಳು ಕೈ ಹಿಡಿದು ಕೂರಿಸಿದಳು. "ದಾರೀಲಿ ಮಾತಾಡಕ್ಕೆ ಒಬ್ರೂ ಇಲ್ಲ ಕಣವ್ವ. ಗವ್ ಅಂತದೆ. ಒಂದು ಹಚ್ಕಂಡ್ರೆ ಯಾರೋ ಜೊತೇಲಿ ಬಂದಂಗೆ."

ಬೈಯಬೇಕೆಂದಿದ್ದವಳು ಅವನ ಬೆನ್ನು ಸವರಿದಳು. ಒಂಟಿತನ ತನಗೊಬ್ಬಳಿಗೇ ಎಂದುಕೊಂಡಿದ್ದಳು.

ಮರುದಿನ ಬಸ್ಸಿನ ದಾರಿಯ ತೋಟದಲ್ಲೇ ಕುಯ್ಲಿನ ಕೆಲಸ ಕೇಳಿಕೊಂಡು, ದಿನಾ ಬೆಳಗ್ಗೆ ಮಗನ ಜೊತೆ ಹೊರಡತೊಡಗಿದಳು. ಬೀಡಿ ನಿಲ್ಲಿಸಿದ ಮೊದಲ ವಾರ ಅವನಿಗೆ ತಲೆನೋವು, ಸಿಡುಕು. "ನೀನ್ಯಾಕವ್ವ ಪೊಲೀಸಿನಂಗೆ ಹಿಂದೆ ಬರ್ತೀಯ?" ಎಂದು ರೇಗಿದ. ಒಂದು ದಿನ ಕದ್ದು ಸೇದಿ ಸಿಕ್ಕಿಬಿದ್ದ. ಅವಳು ಜೊತೆಗೆ ನಡೆಯುವುದನ್ನು ಬಿಡಲಿಲ್ಲ. ಯುಗಾದಿ ಹೊತ್ತಿಗೆ ಕೆಮ್ಮು ಇಳಿದಿತ್ತು. ದಾರಿಯುದ್ದಕ್ಕೂ ಅವನದೇ ಮಾತು.

ಅಪ್ಪಂದಿರೇ, ಅಮ್ಮಂದಿರೇ, ಯಾವ ನೆಪಕ್ಕೂ ಮಕ್ಕಳ ಕೈಗೆ ಬೀಡಿ, ಸಿಗರೇಟು ಕೊಡಬೇಡಿ. ತರಲು ಅಂಗಡಿಗೂ ಕಳಿಸಬೇಡಿ. ಕೆಮ್ಮು ಬಿಡದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಸೇದುವುದು ಕಂಡರೆ, ಕೈ ಎತ್ತುವ ಮೊದಲು ಪಕ್ಕದಲ್ಲಿ ಕೂತು ಯಾಕೆಂದು ಕೇಳಿ. ಉತ್ತರ ಬರುವ ತನಕ ಏಳಬೇಡಿ.