ಸೂತಕವಿಲ್ಲದವರು

ಗಂಗಾಶ್ರೀ ಏನು ಓದುತ್ತಿದ್ದಾಳೆಂದು ಶಿಕಾರಿಪುರದ ಅವಳ ಬೀದಿಯಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆಲ್ತ್ ಪ್ರಮೋಷನ್ನಿನಲ್ಲಿ ಎಂ.ಎಸ್ಸಿ. ಎಂದರೆ, "ಪ್ರಮೋಷನ್ ಆತಾ? ಚಲೋ ಆತು ಬಿಡವ್ವ, ಕೆಲಸಕ್ಕೆ ಯಾವಾಗ ಸೇರಿದ್ದಿ?" ಎಂದು ಕೇಳುವವರೇ ಎಲ್ಲ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಜನ ಕಾಯಿಲೆ ಬೀಳುವ ಮುಂಚೆಯೇ ಅವರ ಅಭ್ಯಾಸ ತಿದ್ದುವ ಓದು ಎಂದು ಬಿಡಿಸಿ ಹೇಳಿದರೆ, ಅದು ದೇವರ ಕೈಲೇ ಆಗಿಲ್ಲ ಎಂದು ನಗುತ್ತಿದ್ದರು. ತಂದೆ ಬೆನಕಪ್ಪ ಮಾತ್ರ ನಗುತ್ತಿರಲಿಲ್ಲ. ಮಗಳು ಏನು ಓದಿದರೂ ಅದು ದೊಡ್ಡದೇ ಎಂದು ಅವರು ನಂಬಿದ್ದರು.

ಎರಡನೇ ವರ್ಷದ ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ಮಂಗನ ಕಾಯಿಲೆಯನ್ನು. ಸೊರಬದ ಕಡೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಬೇಸಿಗೆ ಹತ್ತಿರವಾದಂತೆ ಕಾಡಿನಲ್ಲಿ ಮಂಗ ಸಾಯುತ್ತದೆ, ಅದರ ಮೈಮೇಲಿನ ಉಣುಗುಗಳು ತಣ್ಣಗಾದ ಹೆಣವನ್ನು ಬಿಟ್ಟು ಬೇರೆ ರಕ್ತ ಹುಡುಕುತ್ತವೆ, ಆಮೇಲೆ ಮನುಷ್ಯನಿಗೆ ಜ್ವರ. ಕೆಲವರು ಹಾಸಿಗೆಯಿಂದ ಏಳುತ್ತಾರೆ, ಕೆಲವರು ಏಳುವುದಿಲ್ಲ. ಗುಡವಿಯಿಂದ ಆಚೆ, ಕಾಡಿನಂಚಿನಲ್ಲಿ ನಲವತ್ತು ಮನೆಗಳ ಒಂದು ಊರನ್ನು ಅವಳು ಹಿಡಿದಳು. ಆ ಊರಲ್ಲೇ ಬೆನಕಪ್ಪ ಶುಂಠಿ ಬೆಳೆಯಲು ಗದ್ದೆ ಗುತ್ತಿಗೆಗೆ ತೆಗೆದುಕೊಂಡಿದ್ದರು; ಕೆಲಸ ಹೆಚ್ಚಿದ್ದಾಗ ರಾತ್ರಿಯೂ ಅಲ್ಲಿನ ಶೆಡ್ಡಿನಲ್ಲೇ ಉಳಿಯುತ್ತಿದ್ದರು. ಅಪ್ಪನ ಬೈಕಿನ ಹಿಂದೆ ಕೂತರೆ ಬಸ್ಸಿನ ಗೊಡವೆಯಿಲ್ಲ.

ಮೊದಲ ತಿಂಗಳು ಅವಳು ವೈರಸ್ಸು, ಉಣುಗು ಎಂದು ಚಾರ್ಟು ಹಿಡಿದು ಗಂಟಲು ಹರಿದುಕೊಂಡಳು. ಜನ ತಲೆಯಾಡಿಸಿದರು, ಚಹಾ ಕೊಟ್ಟರು, ಮರುವಾರವೇ ಸತ್ತ ಮಂಗವೊಂದಕ್ಕೆ ಚಟ್ಟ ಕಟ್ಟಿ, ಹೂ ಹಾಕಿ, ಭಜನೆ ಮಾಡುತ್ತ ಹೊತ್ತು ಹೂಳಿದರು. ಆಂಜನೇಯನಲ್ಲವೇ, ಹಾಗೇ ಬಿಡಲಾಗುತ್ತದೆಯೇ? ಅದೃಷ್ಟಕ್ಕೆ ಆ ಸಲ ಯಾರಿಗೂ ಏನೂ ಆಗಲಿಲ್ಲ.

"ಮನೆಯೋರು ಸತ್ತ ಹಂಗೆ ಅಲ್ದನೇ ಮಾರಾಯ್ತಿ" ಎಂದಳು ಊರಿನ ಹಿರಿಯಳು ವನಜಮ್ಮ. ಆ ಮಾತಿನಿಂದಲೇ ಗಂಗಾಶ್ರೀಗೆ ದಾರಿ ಹೊಳೆಯಿತು. ಮನೆಯವರು ಸತ್ತ ಹಾಗಾದರೆ ಸೂತಕವೂ ಇರಬೇಕಲ್ಲ? ಹೊಸ ಕರಪತ್ರ ಬರೆದಳು. ಮಂಗ ಸತ್ತ ಜಾಗಕ್ಕೆ ಹನ್ನೊಂದು ದಿನ ಸೂತಕ, ಯಾರೂ ಮುಟ್ಟಬಾರದು, ಕಾಲಿಡಬಾರದು. ತಿಳಿಯದೆ ಹೋದವರು ಸೋಪು ಹಚ್ಚಿ ಬಿಸಿನೀರಲ್ಲಿ ಮಿಂದು, ಉಟ್ಟ ಬಟ್ಟೆ ಕುದಿಸಬೇಕು. ಕೆಳಗೆ ಆರೋಗ್ಯ ಸಿಬ್ಬಂದಿಯ ಫೋನ್ ನಂಬರು. ಎರಡೇ ವಾರದಲ್ಲಿ ಊರಿಗೆಲ್ಲ ಅದು ಬಾಯಿಪಾಠ. ಇಂಥದು ಪುಸ್ತಕದಲ್ಲಿ ಸಿಗುವುದಿಲ್ಲ ಎಂದು ಕಾಲೇಜಿನ ಗೈಡ್ ಮೇಡಂ ಬೆನ್ನು ತಟ್ಟಿದರು.

ಒಂದು ಮುಳ್ಳು ಮಾತ್ರ ಒಳಗೆ ಉಳಿಯಿತು. ಬೆನಕಪ್ಪನವರದು ಲಿಂಗ ಕಟ್ಟಿದ ಮನೆ. ಅಲ್ಲಿ ಹುಟ್ಟಿದರೂ ಸೂತಕವಿಲ್ಲ, ಸತ್ತರೂ ಸೂತಕವಿಲ್ಲ. ಅಂಥ ಮನೆಯ ಮಗಳು ಸೂತಕವನ್ನು ಅಚ್ಚು ಹಾಕಿಸಿ ಊರಿಗೆ ಹಂಚುತ್ತಿದ್ದಾಳೆಂದು ತಿಳಿದರೆ ಅಪ್ಪಾಜಿ ನೊಂದುಕೊಳ್ಳುತ್ತಾರೆ. ಹಾಗಾಗಿ ನಲವತ್ತು ಮನೆಗೂ ಕೊಟ್ಟ ಕರಪತ್ರವನ್ನು ಅವಳು ಶುಂಠಿ ಗದ್ದೆಯ ಶೆಡ್ಡಿಗೆ ಕೊಡಲಿಲ್ಲ. ಅಪ್ಪಾಜಿ ಕಾಡಿಗೆ ಹೋಗುವವರಲ್ಲ, ಅವರಿಗೇಕೆ ಎಂದು ಸಮಾಧಾನ ಹೇಳಿಕೊಂಡಳು. ಓದಿದವರಿಗೆ ನೆಪ ಹುಡುಕಲು ಬಹಳ ಹೊತ್ತು ಬೇಡ.

ಫೆಬ್ರವರಿ ಕೊನೆಗೆ ಊರಿನ ಶಾಲೆಯ ಹಿಂದೆ ಒಂದು ಮಂಗ ಸತ್ತುಬಿತ್ತು. ಆ ವಾರ ಗಂಗಾಶ್ರೀ ಕಾಲೇಜಿನಲ್ಲಿದ್ದಳು. ಸುದ್ದಿ ಕೇಳಿ ಗುರುವಾರ ಪ್ರಶ್ನಾವಳಿ ಹಿಡಿದು ಓಡಿಬಂದಳು. ಮನೆಮನೆಗೂ ಒಂದೇ ಪ್ರಶ್ನೆ: ಸತ್ತ ಮಂಗನನ್ನು ನೀವು ಮುಟ್ಟಿದಿರಾ? ಮೂವತ್ತೊಂಬತ್ತು ಮನೆಗಳಲ್ಲೂ ಇಲ್ಲ ಎಂದರು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೊನೆಯದು ವನಜಮ್ಮನ ಮನೆ.

"ಯಾರಾದ್ರೂ ಮುಟ್ತಾರನೇ? ನೀನೇ ಹೇಳಿದ್ಯಲ" ಎಂದಳು ವನಜಮ್ಮ.

"ಮತ್ತೆ ಎತ್ತಿದ್ದು ಯಾರು? ಆರೋಗ್ಯ ಇಲಾಖೆಯವರಾ?"

"ಫೋನು ಮಾಡಿದ್ವು. ನಾಳೆ ಬತ್ತೀವಿ ಅಂದ್ರು. ಅಷ್ಟರಲ್ಲಿ ನಾಯಿ ಎಳದ್ರೆ ಏನು ಗತಿ? ನಮ್ಮ ಆಚೆಮನೆ ಲೋಕಪ್ಪಣ್ಣ ಹೇಳ್ದ, ಸೂತಕ ಇಲ್ದೋರ್ನ ಕರೀರಿ ಅಂತ. ಶುಂಠಿ ಗದ್ದೆಗೆ ಹೋಗಿ ನಿಮ್ಮಪ್ಪನ್ನ ಕರ್ಕಂಡು ಬಂದ್ವು. ಒಂದು ಮಾತೂ ಆಡ್ದೆ ಬಂದ್ರು ಪಾಪ. ಮಗೂನ ಎತ್ತಿದ ಹಂಗೆ ಎದೆಗೆ ಅವುಚಿಕೊಂಡು ಎತ್ತಿದ್ರು."

ವನಜಮ್ಮನ ಮುಖದಲ್ಲಿ ಪಾಠ ಸರಿಯಾಗಿ ಒಪ್ಪಿಸಿದ ಹೆಮ್ಮೆಯಿತ್ತು. ಗಂಗಾಶ್ರೀ ಪ್ರಶ್ನಾವಳಿ ಮಡಚಿದಳು.

"ಯಾವತ್ತು?"

"ಭಾನ್ವಾರ ಸಂಜೆ."

ನಾಲ್ಕು ದಿನ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ ಎಂದು ಅವಳೇ ಪ್ರಬಂಧದಲ್ಲಿ ಬರೆದಿದ್ದಳು. ಗದ್ದೆಯ ಬದುವಿನ ಮೇಲೆ ಅವಳು ಓಡಿದ ರೀತಿ ನೋಡಿ ಕೆಲಸದ ಹೆಂಗಸರು ಗುದ್ದಲಿ ಊರಿ ನಿಂತರು.

ಬೆನಕಪ್ಪ ಶೆಡ್ಡಿನ ಮುಂದೆ ಕೂತು ಬಿತ್ತನೆ ಶುಂಠಿ ಆರಿಸುತ್ತಿದ್ದರು.

"ಅಪ್ಪಾಜಿ, ಮಂಗನ್ನ ಎತ್ತಿದ ಮೇಲೆ ಸ್ನಾನ ಮಾಡಿದ್ರಾ?"

"ಮಾಡಿದ್ನಲ್ಲವ್ವ, ಬೆಳಿಗ್ಗೆ ಲಿಂಗಪೂಜೆಗೆ ಮುಂಚೆ."

"ಅಂಗಿ?"

"ಅಂಗಿಗೆ ಏನಾತು? ಹಾಕ್ಕೊಂಡೇ ಮಲಗಿದ್ದೆ, ಚಳಿ ಇತ್ತು." ಅವರು ನಕ್ಕರು. "ನೀನೂ ಸೂತಕ ಅನ್ನಾಕೆ ಹತ್ತಿದೇನು? ಅವರೆಲ್ಲ ಮಾರು ದೂರ ನಿಂತಿದ್ದು ನೋಡಬೇಕಿತ್ತು. ನಮಗೆ ಅದೆಲ್ಲ ಎಲ್ಲೈತಿ?"

"ಸೂತಕ ಅಲ್ಲ ಅಪ್ಪಾಜಿ, ಉಣುಗು" ಎಂದು ಅವಳು ಕಾಯಿಲೆಯ ವಿಷಯ ಎಲ್ಲ ಹೇಳಿದಳು. ಕರಪತ್ರದ ವಿಷಯವನ್ನು ಆಗಲೂ ಹೇಳಲಿಲ್ಲ. ಅವರ ಕಿವಿಯ ಹಿಂದೆ ಎಳ್ಳಿನಷ್ಟು ಕೆಂಪು ಗುರುತೊಂದಿತ್ತು. ಸೊಳ್ಳೆ ಇರಬೇಕು ಎಂದರು ಬೆನಕಪ್ಪ.

ಅವತ್ತೇ ಅವರನ್ನು ಮನೆಗೆ ಕರೆತಂದಳು. ಶುಕ್ರವಾರ ಹಣೆ ತಣ್ಣಗಿತ್ತು. ಶನಿವಾರವೂ ತಣ್ಣಗಿತ್ತು. ತಾಸಿಗೊಮ್ಮೆ ಥರ್ಮಾಮೀಟರು ಹಿಡಿದು ಬರುವ ಮಗಳನ್ನು ಕಂಡು ತಾಯಿ ನೀಲಾಂಬಿಕ, "ಊರಿಗೆ ಉಪಕಾರಿ ಮನೆಗೆ ಮಾರಿ ಅಂತಿದ್ದೆ ಇಷ್ಟು ದಿನ. ಈಗ ನೋಡು, ಅಪ್ಪನ ಸೇವೆ" ಎಂದು ತಮಾಷೆ ಮಾಡಿದರು. ಸೂತಕದ ಕರಪತ್ರವನ್ನು ಶಿಕಾರಿಪುರ ತಾಲ್ಲೂಕಿಗೂ ಅಚ್ಚು ಹಾಕಿಸೋಣ ಎಂದು ಗೈಡ್ ಮೇಡಂ ಸಂದೇಶ ಕಳಿಸಿದ್ದರು. ಅವಳು ಉತ್ತರ ಕೊಡಲಿಲ್ಲ. ಇನ್ನು ಎರಡು ದಿನ ಕಳೆದರೆ ಸಾಕು ಎಂದು, ನಂಬಿಕೆ ಇದ್ದ ದೇವರು ಇಲ್ಲದ ದೇವರು ಎಲ್ಲರಿಗೂ ಹರಕೆ ಹೊತ್ತಳು.

ಭಾನುವಾರ ಬೆಳಿಗ್ಗೆ ಬೆನಕಪ್ಪ ಲಿಂಗಪೂಜೆಗೆ ಏಳಲಿಲ್ಲ. ಕಣ್ಣು ಕೆಂಡವಾಗಿತ್ತು. "ತಲೆ ಸಿಡಿಯಾಕತ್ತೈತಿ, ಸ್ವಲ್ಪ ಹೊತ್ತು ಮಲಗ್ತೀನಿ" ಎಂದರು. ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತ ತೆಗೆದ ಡಾಕ್ಟರು ಊರವರು ಸೂತಕವೆಂದು ದೂರ ನಿಂತು ಇವರಿಂದ ಮಂಗನನ್ನು ಎತ್ತಿಸಿದ ಸಂಗತಿ ಕೇಳಿ ಕೆರಳಿದರು.

"ಇಷ್ಟು ವರ್ಷ ಆದ್ರೂ ಬುದ್ಧಿ ಬರಲ್ವಲ್ರೀ. ಊರವರು ಕರೆದರೆ ಎತ್ತಿಬಿಡೋದಾ?"

ಬೆನಕಪ್ಪ ಒಣಗಿದ ತುಟಿ ನೆಕ್ಕಿಕೊಂಡರು. "ಮಗಳು ಆ ಊರಾಗೆ ಓದಾಕೆ ಬಂದಾಳೆ ಸಾಹೇಬ್ರೆ. ಅವರು ಕೈ ಮುಗಿದು ಕರೆದಾಗ ಒಲ್ಲೆ ಅಂದ್ರೆ, ಆಮೇಲೆ ಇವಳ ಮಾತು ಯಾರು ಕೇಳ್ತಾರೆ?"

"ಸರಿಹೋಯ್ತು. ಸತ್ತ ಮಂಗನಿಗೆ ಸೂತಕ ಅಂತ ಅವರಿಗೆ ಹೇಳಿಕೊಟ್ಟ ಪುಣ್ಯಾತ್ಮ ಯಾರು?"

"ಹಳ್ಳಿ ಮಂದಿ ಸಾಹೇಬ್ರೆ" ಎಂದರು ಬೆನಕಪ್ಪ. "ಓದಿಲ್ಲ, ಬರೆದಿಲ್ಲ. ತಮಗೆ ತಿಳಿದಂಗೆ ಮಾಡ್ತಾರೆ."

ಗಂಗಾಶ್ರೀ ಮಂಚದ ಕಂಬಿ ಹಿಡಿದುಕೊಂಡಳು.

"ನಾನೇ ಸಾರ್" ಎಂದಳು. "ನಾನೇ ಹೇಳಿದ್ದು. ಕರಪತ್ರ ಮಾಡಿ ಮನೆಮನೆಗೂ ಹಂಚಿದೆ."

ಬೆನಕಪ್ಪ ಕಷ್ಟಪಟ್ಟು ತಲೆ ತಿರುಗಿಸಿ, ಕೆಂಪು ಕಣ್ಣಿನಲ್ಲಿ ಮಗಳನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಊರಿಗೆಲ್ಲ ಹೇಳಿದಿ" ಎಂದರು. "ನನಗ್ಯಾಕೆ ಹೇಳ್ಲಿಲ್ಲವ್ವ?"