ಬೆರಳಿಗೊಂದು ಜಾಗ

"ಇದನ್ನ ಓದೋಕಾಗುತ್ತಾ ನೋಡಿ ಡಾಕ್ಟ್ರೇ," ಎಂದು ಮಗಳು ಟ್ಯಾಬ್ಲೆಟ್ಟನ್ನು ಮುಂದೆ ಹಿಡಿದಳು. ಗಾಜಿನ ಮೇಲೆ ಅಕ್ಷರಗಳ ರಾಶಿ, ತಲೆಬುಡವಿಲ್ಲ. ಗಂಟಲಿನ ಆಪರೇಷನ್ನಿನಲ್ಲಿ ದನಿ ಹೋದ ಮೇಲೆ ಅಪ್ಪ ಬರೆದದ್ದೆಲ್ಲ ಹೀಗೇ. ಪೆನ್ನು ಕೊಟ್ಟರೆ ಹಿಡಿತ ಸಿಗದೆ ಬರೀ ಗೀಟು ಬೀಳುತ್ತಿತ್ತು. ಕತ್ತಿನ ಪಟ್ಟಿಯಿಂದಾಗಿ ತಲೆಯಾಡಿಸುವಂತಿರಲಿಲ್ಲ. ಏನು ಕೇಳಿದರೂ ತಾಳು ಎಂದು ಕೈ ಮಾಡಿ ಟ್ಯಾಬ್ಲೆಟ್ಟನ್ನೇ ಎಳೆದುಕೊಳ್ಳುವರು, ಮತ್ತದೇ ರಾಶಿ.

ವೈದ್ಯರು ಅವಳನ್ನು ಬಾಗಿಲ ಬಳಿಗೆ ಕರೆದರು. "ಬುದ್ಧಿಗೂ ಸ್ವಲ್ಪ ಏಟು ಬಿದ್ದಿರಬಹುದಮ್ಮ. ಎರಡನೇ ಆಪರೇಷನ್ನಿಗೆ ನೀವೇ ಸಹಿ ಹಾಕ್ಬಿಡಿ. ಮಾಡಿದ್ರೆ ಒಂದು ವರ್ಷ ಸಿಗಬಹುದು. ಬಿಟ್ರೆ ಎರಡು ಮೂರು ತಿಂಗಳು. ಸಂಜೆಯೊಳಗೆ ಹೇಳಿ."

ಇದರಲ್ಲಿ ಯೋಚಿಸುವುದೇನಿದೆ? ಒಂದು ವರ್ಷವೆಂದರೆ ಕಮ್ಮಿಯೇ! ಅವಳು ಸಹಿಯ ಕಾಗದವನ್ನು ಚೀಲದಿಂದ ತೆಗೆದಳು. ಆಗ ಮಂಚದ ಪಕ್ಕದ ಸ್ಟೂಲಿನಿಂದ ಅಮ್ಮ ಕೂಗಿದಳು.

"ಅಯ್ಯೋ, ಅವರ ಕೈ ನೋಡೇ! ಅವರು ಬರೀತಾನೇ ಇಲ್ಲ ಕಣೇ. ಬೆರಳು ಇಟ್ಕೊಂಡಿದಾರೆ ಅಷ್ಟೇ."

ಅಪ್ಪ ಅಮ್ಮ ಇಬ್ಬರೂ ಕೋರ್ಟಿನ ನಕಲು ವಿಭಾಗದಲ್ಲಿ ಟೈಪಿಸ್ಟರಾಗಿದ್ದವರು. ಮೂವತ್ತಾರು ವರ್ಷ ತೀರ್ಪುಗಳ ಪ್ರತಿ ತೆಗೆದವರು. ಕೀಲಿಗಳನ್ನು ನೋಡಿ ಹೊಡೆಯುವವನನ್ನು ಅಪ್ಪ ಟೈಪಿಸ್ಟ್ ಎಂದು ಲೆಕ್ಕಕ್ಕೇ ಇಡುತ್ತಿರಲಿಲ್ಲ.

"ಮೊದಲು ಎಂಟು ಬೆರಳೂ ಕೀಲಿಗಳ ನಡುಸಾಲಿನ ಮೇಲೆ ಇಳಿಸ್ಬೇಕು, ಆಮೇಲೆ ಹೊಡೆಯೋದು," ಎಂದಳು ಅಮ್ಮ. "ಈ ಗಾಜಿಗೆ ಇಟ್ಟರೂ ಒಂದೇ, ಒತ್ತಿದರೂ ಒಂದೇ. ಅವರು ಕೈ ಇಟ್ಟ ಕೂಡಲೇ ಅದು ಬಡಬಡಿಸೋಕೆ ಶುರು ಮಾಡುತ್ತೆ. ಬುದ್ಧಿ ಕೆಟ್ಟಿರೋದು ಈ ಹಲಗೆಗೆ, ನನ್ನ ಗಂಡನಿಗಲ್ಲ."

ಮಗಳ ಮುಖ ಬಿಸಿಯಾಯಿತು. ಟ್ಯಾಬ್ಲೆಟ್ ಕೊಳ್ಳುವಾಗ ಅಂಗಡಿಯವನು ಜೋಡಿಸುವ ಕೀಬೋರ್ಡನ್ನೂ ತೋರಿಸಿದ್ದ. ಅವಳು ಅದನ್ನು ಕೈಯಲ್ಲಿ ತೂಗಿ ನೋಡಿದ್ದಳು. ಭಾರ, ಮಲಗಿದವರ ತೊಡೆಯ ಮೇಲೆ ನಿಲ್ಲುವುದಿಲ್ಲ, ನೀರು ಕೊಡು ದಿಂಬು ಸರಿಸು ಎನ್ನಲು ಅಷ್ಟೆಲ್ಲ ಯಾಕೆ ಎಂದು ವಾಪಸು ಇಟ್ಟಿದ್ದಳು. ಅಪ್ಪನಿಗೆ ಹೇಳಲು ಅಷ್ಟು ಮಾತ್ರ ಇದೆ ಎಂದು ತೀರ್ಮಾನಿಸಲು ನಾನ್ಯಾರು ಎಂದು ಈಗ ಅನ್ನಿಸಿತು. ಟ್ಯಾಬ್ಲೆಟ್ ಎತ್ತಿಕೊಂಡು ಅಂಗಡಿಗೆ ಓಡಿ ಆ ಕೀಬೋರ್ಡನ್ನೇ ಕೊಂಡಳು. ಅಂಗಡಿಯವನು ಹಳೆಯ ಕನ್ನಡ ಟೈಪ್‌ರೈಟರಿನ ಅಕ್ಷರಜೋಡಣೆಯನ್ನೇ ಅದರಲ್ಲಿ ಕೂರಿಸಿಕೊಟ್ಟ.

ಊಟದ ಮೇಜನ್ನು ಮಂಚಕ್ಕೆ ಅಡ್ಡ ಎಳೆದು ಕೀಬೋರ್ಡ್ ಇಟ್ಟರು. ಅಪ್ಪನ ತೋರುಬೆರಳುಗಳು ತಡಕಾಡಿ, ನಡುಸಾಲಿನ ಎರಡು ಸಣ್ಣ ಉಬ್ಬುಗಳನ್ನು ಹಿಡಿದವು. ಉಳಿದ ಬೆರಳುಗಳು ತಾವಾಗಿ ಪಕ್ಕದಲ್ಲಿ ಕೂತವು. ಪರದೆ ಖಾಲಿಯೇ ಉಳಿಯಿತು. ಆ ಖಾಲಿ ಪರದೆ ಕಂಡು ಅಮ್ಮ ನಕ್ಕೇಬಿಟ್ಟಳು. "ನಾ ಹೇಳ್ಲಿಲ್ವಾ!"

ಅಪ್ಪ ಮೊದಲು ತಾರೀಖು ಹೊಡೆದರು. ಅದರ ಕೆಳಗೆ ಒಂದು ತಪ್ಪೂ ಇಲ್ಲದೆ ಸಾಲುಗಳು ಬಂದವು.

'ನನ್ನ ಬುದ್ಧಿ ನೆಟ್ಟಗಿದೆ. ಡಾಕ್ಟರು ಬಾಗಿಲಲ್ಲಿ ಹೇಳಿದ್ದು ಕೇಳಿಸಿತು. ಇನ್ನೊಂದು ಸಲ ಕೊಯ್ಯುವುದು ಬೇಡ. ನನ್ನನ್ನು ಮನೆಗೆ ಕರೆದುಕೊಂಡು ಹೋಗಿ.'

ಅಮ್ಮನ ನಗು ಅಲ್ಲಿಗೇ ನಿಂತಿತು. "ಇದನ್ನ ಹೇಳೋಕಾ ನಾನು ತರಿಸಿಕೊಟ್ಟಿದ್ದು?" ಎಂದಳು.

"ಅಪ್ಪಾ, ಒಂದು ವರ್ಷ ಅಂತೆ. ಒಂದು ವರ್ಷ!" ಎಂದಳು ಮಗಳು.

'ಗೊತ್ತು ಮಗಳೇ. ಆ ವರ್ಷ ಆಸ್ಪತ್ರೆಯಲ್ಲಿ ಬೇಡ.'

ಹೊರಗೆ ವೈದ್ಯರ ದನಿ ಕೇಳಿತು. ಕೀಬೋರ್ಡನ್ನು ಒಮ್ಮೆ ಎಳೆದರೆ ಸಾಕು, ಕಳಚಿ ಕೈಗೆ ಬರುತ್ತದೆ. ಚೀಲದೊಳಗೆ ಹಾಕಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅಪ್ಪ ಮತ್ತೆ ಬುದ್ಧಿ ತಪ್ಪಿದವರಾಗುತ್ತಾರೆ, ಇನ್ನೊಂದು ವರ್ಷ ಇರುತ್ತಾರೆ. ಅವಳ ಕೈ ಮುಂದಕ್ಕೆ ಹೋಯಿತು ಕೂಡ. ಅಪ್ಪ ಅದನ್ನು ಕಂಡರು. ತಡೆಯಲಿಲ್ಲ, ಅವಳನ್ನೇ ನೋಡಿದರು.

"ಸಹಿ ಆಯ್ತಾಮ್ಮ?" ಎನ್ನುತ್ತ ವೈದ್ಯರು ಒಳಗೆ ಬಂದರು.

ಮಗಳು ಕೈ ಹಿಂತೆಗೆದಳು. ಮೂಲೆಯ ಕುರ್ಚಿಯನ್ನು ಅಪ್ಪನಿಗೆ ಎದುರಾಗಿ ಹಾಕಿದಳು.

"ಕೂತ್ಕೊಳ್ಳಿ ಡಾಕ್ಟ್ರೇ. ಅವರನ್ನೇ ಕೇಳಿ," ಎಂದಳು. ಆಮೇಲೆ ಅಮ್ಮನ ಸ್ಟೂಲಿನ ಹಿಂದೆ ನಿಂತು, ಅವಳ ಎರಡೂ ಭುಜಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.